ಅಡಿಗೆ ಮನೆಗೆ ಸುಣ್ಣ, ಹೊಸ್ತಿಲಿಗೆ ಅರಿಶಿನ

ಸಂಕ್ರಾಂತಿ ಹತ್ತಿರ ಬಂತೆಂದರೆ ಹೊಸೂರು, ತಳಿ, ದೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಮನೆಮನೆಗೂ ಸುಣ್ಣಬಣ್ಣದ ಕೆಲಸ. ನಾವು ಸುಣ್ಣ ಎನ್ನುತ್ತೇವೆ, ಪಕ್ಕದ ಮನೆಯವರು ಸುಣ್ಣಾಂಬು ಎನ್ನುತ್ತಾರೆ. ಅಡಿಗೆ ಮನೆಯಲ್ಲಿ ಯಾವ ಜಾಗಕ್ಕೆ ಯಾವ ಬಣ್ಣ ಒಳ್ಳೆಯದು, ಯಾವುದು ಬೇಡ ಎಂಬುದನ್ನು ಈ ದಿನ ನೋಡೋಣ.

ಮೊದಲು ಮೇಲ್ಛಾವಣಿ. ಕಲ್ಲು ಚಪ್ಪಡಿಯಾಗಲಿ, ಆರ್‌ಸಿಸಿಯಾಗಲಿ, ಒಳಗಡೆ ಬಿಳಿಯೇ ಇರಲಿ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಕೊಡುತ್ತದೆ. ಒಂದೇ ಕಿಟಕಿಯಿರುವ ಅಡಿಗೆ ಮನೆಯಲ್ಲಿ ಅಕ್ಕಿಯೊಳಗಿನ ಕಲ್ಲು ಕಾಣಬೇಕಾದರೆ ಈ ಬೆಳಕು ಬೇಕು. ಸೌದೆ ಒಲೆ ಉರಿಸುವವರಿಗೆ ಸುಣ್ಣವೇ ಸರಿ. ಮಸಿಯನ್ನು ಪೊರಕೆಯಿಂದ ಚೆನ್ನಾಗಿ ಗುಡಿಸಿ ಪ್ರತಿ ವರ್ಷ ಕಡಿಮೆ ಖರ್ಚಿನಲ್ಲಿ ಮತ್ತೆ ಬಳಿಯಬಹುದು. ಸುಣ್ಣ ಬಳಿದ ಗೋಡೆಗೆ ಬೂಷ್ಟು ಬೇಗ ಹಿಡಿಯದು, ತೇವವೂ ಒಳಗೆ ನಿಲ್ಲದೆ ಆರುತ್ತದೆ. ಸುಣ್ಣದ ಕಲ್ಲಿಗೆ ನೀರು ಹಾಕುವಾಗ ಮಾತ್ರ ಮಕ್ಕಳನ್ನು ದೂರವಿಡಿ. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಅಪಾಯ.

ಗೋಡೆಗೆ ತಿಳಿ ಬಣ್ಣ ಒಳ್ಳೆಯದು. ಬೆಳಕು ಕಡಿಮೆಯಿದ್ದರೆ ಕೆನೆ ಬಣ್ಣ ಅಥವಾ ತಿಳಿ ಹಳದಿ. ಸಂಜೆ ಬಿಸಿಲು ಹೊಡೆಯುವ ಪಡುವಣ ಗೋಡೆಗೆ ತಿಳಿ ಹಸಿರು. ಒಗ್ಗರಣೆ ಸಿಡಿಯುವ ಒಲೆಯ ಹಿಂಭಾಗಕ್ಕೆ, ಒರೆಸಿದರೆ ಹೋಗುವಂಥ ಎಮಲ್ಷನ್ ಬಳಿಯಿರಿ. ಆದರೆ ಹಳೆಯ ಸುಣ್ಣವನ್ನು ಕೆರೆದು ತೆಗೆಯದೆ ಅದರ ಮೇಲೆ ಎಮಲ್ಷನ್ ಬಳಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಇನ್ನು ಬಾಗಿಲು, ಕಿಟಕಿ, ಹೊಸ್ತಿಲು. ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಡುವುದು ನಮ್ಮ ಪದ್ಧತಿ. ಈಗ ಹಲವರು ಕೆಲಸ ಉಳಿಯಲೆಂದು ಹಳದಿ ಎನಾಮಲ್ ಬಳಿದುಬಿಡುತ್ತಾರೆ. ಹಳೆಯ ಎನಾಮಲ್ ಬಣ್ಣಗಳಲ್ಲಿ ಆ ಹೊಳೆಯುವ ಹಳದಿಗೆ, ಕಿತ್ತಳೆಗೆ ಬಳಸುತ್ತಿದ್ದುದು ಸೀಸದ ಕ್ರೋಮೇಟ್. ವಾಹನದ ಬ್ಯಾಟರಿಯೊಳಗೆ ಇರುತ್ತದಲ್ಲ, ಅದೇ ಸೀಸ. ಹೊಸ್ತಿಲಿನ ಬಣ್ಣ ಕಾಲಡಿಯಲ್ಲಿ ಸವೆದು ಧೂಳಾಗುತ್ತದೆ. ಅಂಬೆಗಾಲಿಡುವ ಮಗು ಆ ಹೊಸ್ತಿಲನ್ನು ಹಿಡಿದೇ ಎದ್ದು ನಿಲ್ಲುತ್ತದೆ, ಆಮೇಲೆ ಕೈ ಬಾಯಿಗೆ ಹೋಗುತ್ತದೆ. ಸೀಸ ಮೈಗೆ ಸೇರಿದರೆ ರಕ್ತ ಕಡಿಮೆಯಾಗುತ್ತದೆ, ಕಲಿಯುವ ಶಕ್ತಿ ಕುಗ್ಗುತ್ತದೆ. ಜ್ವರವಿಲ್ಲ, ನೋವಿಲ್ಲ, ಆದ್ದರಿಂದ ಹೆತ್ತವರಿಗೆ ತಿಳಿಯುವುದೂ ಇಲ್ಲ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಸೀಸಕ್ಕೆ ಇಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಮ್ಮ ದೇಶದಲ್ಲಿ ಪೆಟ್ರೋಲಿನ ಸೀಸ 2000ದಲ್ಲಿ ನಿಂತಿತು. ಮನೆ ಬಣ್ಣಕ್ಕೆ ನಿಯಮವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದರಂತೆ ಹತ್ತು ಲಕ್ಷ ಪಾಲು ಬಣ್ಣದಲ್ಲಿ ಸೀಸ 90 ಪಾಲು ಮೀರಬಾರದು. ಡಬ್ಬಿಯ ಮೇಲೆ ಇದು ಅಚ್ಚಾಗಿರಬೇಕು. ಓದಿ ನೋಡಿ ಕೊಳ್ಳಿ. ಹೆಸರು ವಿಳಾಸವಿಲ್ಲದ ಅಗ್ಗದ ಡಬ್ಬಿ ಬೇಡ.

ಅದಕ್ಕೂ ಮೊದಲು ಬಳಿದ ಬಣ್ಣ ಗಟ್ಟಿಯಾಗಿದ್ದರೆ ಕೆರೆಯಲು ಹೋಗದೆ ಅದರ ಮೇಲೆಯೇ ಹೊಸದನ್ನು ಬಳಿಸಿ. ಉದುರುತ್ತಿದ್ದರೆ ಪೈಂಟರ್‌ಗೆ ಹೇಳಿ: ಒಣ ಉಪ್ಪುಕಾಗದ ಬೇಡ, ನೀರು ಹಾಕಿ ಉಜ್ಜಬೇಕು. ಆ ಹೊತ್ತು ಮಕ್ಕಳೂ ಬಸುರಿಯರೂ ಮನೆಯಲ್ಲಿರುವುದು ಬೇಡ. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಬಣ್ಣ ಹಚ್ಚಿದ ಹಳೆಯ ಬಾಗಿಲು, ಕಿಟಕಿಯ ಮರವನ್ನು ಒಲೆಗೋ ನೀರು ಕಾಯಿಸುವ ಹಂಡೆಯ ಕೆಳಗೋ ಹಾಕಬೇಡಿ. ಸೀಸ ಹೊಗೆಯಲ್ಲಿ, ಬೂದಿಯಲ್ಲಿ ಉಳಿಯುತ್ತದೆ.

ಹೊಸ್ತಿಲಿಗಂತೂ, ತಾಯಂದಿರೆ, ಕೊಂಬು ಅರೆದು ಮಾಡಿದ ಅರಿಶಿನವೇ ಇರಲಿ. ದಿನವೂ ಆಗದಿದ್ದರೆ ಶುಕ್ರವಾರಕ್ಕೊಮ್ಮೆ ಬಳಿಯಿರಿ, ಸಾಕು.