ಚಾಸಿಗೆ ಬೆಸುಗೆ: ಅರ್ಧ ಗಂಟೆಯ ಕೆಲಸ, ಬಾಳಿನ ಗಂಟು

ಹಲವು ವರ್ಷ ಹೋಟೆಲಿನಲ್ಲಿ ದುಡಿದು ಕೂಡಿಸಿದ ಹಣಕ್ಕೆ ಸಾಲವನ್ನೂ ಸೇರಿಸಿ, ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡು ಸಂಚಾರಿ ಉಪಾಹಾರಗೃಹ ನಡೆಸಬೇಕೆಂಬ ಆಸೆ ನಮ್ಮವರಲ್ಲಿ ಅನೇಕರಿಗುಂಟು. ಗಾಡಿ ಕೈಗೆ ಬಂದೊಡನೆ ನೀರಿನ ಟ್ಯಾಂಕಿಗೆ ಆಧಾರ, ಸಿಲಿಂಡರಿಗೆ ಪಂಜರ, ಹಿಂಬದಿಗೆ ಮೆಟ್ಟಿಲು ಬೇಕಾಗುತ್ತವೆ. "ಚಾಸಿಗೇ ವೆಲ್ಡಿಂಗ್ ಮಾಡಿಬಿಡೋಣ, ಅರ್ಧ ಗಂಟೆಯ ಕೆಲಸ" ಎನ್ನುತ್ತಾನೆ ಗ್ಯಾರೇಜಿನವನು. ಈ ಮಾತಿಗೆ ತಲೆದೂಗುವ ಮುನ್ನ ತುಸು ವಿಚಾರ ಮಾಡುವುದೊಳ್ಳೆಯದು.

ಚಾಸಿಯೆಂಬುದು ಗಾಡಿಯ ಬೆನ್ನೆಲುಬು. ಎಷ್ಟೋ ಗಾಡಿಗಳಲ್ಲಿ ಅದು ಸಾಮಾನ್ಯ ಉಕ್ಕಿನದಲ್ಲ. ತೂಕ ಕಡಿಮೆಯಾಗಿ ಬಲ ಹೆಚ್ಚಿರುವಂತೆ ವಿಶೇಷವಾಗಿ ಸಿದ್ಧಪಡಿಸಿದ್ದು. ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಬೆಸುಗೆಯ ಪಕ್ಕದ ಲೋಹ ಕರಗದಿದ್ದರೂ ಬಲವಾಗಿ ಕಾದು, ಬೇಗನೆ ತಣಿದು, ತನ್ನ ಮೊದಲಿನ ಗುಣವನ್ನು ಕಳೆದುಕೊಳ್ಳುತ್ತದೆ. ಒಂದೆಡೆ ಮೆತ್ತಗಾದೀತು, ಮತ್ತೊಂದೆಡೆ ಪೆಡಸಾದೀತು. ಹೊರನೋಟಕ್ಕೆ ಎಲ್ಲವೂ ಭದ್ರವೇ. ಆದರೆ 200 ಲೀಟರ್ ನೀರೆಂದರೆ 200 ಕಿಲೋ ಭಾರ. ಮಳೆಗಾಲದ ಹೊಂಡಗಳಲ್ಲಿ ಆ ಭಾರ ಕುಲುಕಿದಂತೆಲ್ಲ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಬೆಳೆದು, ಕಡೆಗೊಂದು ದಿನ ಚಾಸಿಯೇ ಮುರಿದೀತು.

ಚಾಸಿಯ ಮೇಲಂಚು, ಕೆಳಂಚುಗಳ ಮೇಲೆ ಎಳೆತ, ಒತ್ತಡಗಳು ಅತ್ಯಧಿಕ. ಅಲ್ಲಿ ಬೆಸೆಯುವುದಾಗಲಿ, ತೂತು ಕೊರೆಯುವುದಾಗಲಿ ಕೂಡದು. ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಸ್ಥಳದಲ್ಲಿ ನಟ್ಟು ಬೋಲ್ಟುಗಳಿಂದ ಬಿಗಿಯುವುದೇ ಕ್ಷೇಮ.

ಕೈಪಿಡಿಯೇ ಬೆಸುಗೆಗೆ ಅವಕಾಶವಿತ್ತಿದ್ದರೆ, ಮೊದಲು ಬ್ಯಾಟರಿಯ ತಂತಿಗಳನ್ನು ಬಿಚ್ಚಿಸಬೇಕು. ಇಲ್ಲವಾದರೆ ಇಂಜಿನ್ನಿನ ಇಲೆಕ್ಟ್ರಾನಿಕ್ ಉಪಕರಣಗಳು ಸುಟ್ಟುಹೋಗಬಹುದು. ಅರ್ಥ್ ಕ್ಲಾಂಪು ಬೆಸೆಯುವ ಜಾಗದ ಸಮೀಪದಲ್ಲೇ ಇರಬೇಕು. ದೂರವಿದ್ದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವನ್ನು ಕೆಡಿಸಬಹುದು. ಇಂಧನದ ಟ್ಯಾಂಕು, ಬ್ರೇಕಿನ ಕೊಳವೆಗಳಿಗೆ ಕಿಡಿ ತಾಗದಂತೆ ನೋಡಿಕೊಳ್ಳಬೇಕು. ಅಡುಗೆಯ ಸಿಲಿಂಡರಂತೂ ಗಾಡಿಯಲ್ಲಿರಲೇಬಾರದು.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಆದುದರಿಂದ ಕೆಲಸಕ್ಕೆ ಕೈಹಾಕುವ ಮುನ್ನವೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಅಪಘಾತವಾದಾಗ ವಿಮಾ ಕಂಪೆನಿಯವರು ತಕರಾರು ತೆಗೆಯಲು ಇಂಥ ಬೆಸುಗೆಯೇ ನೆಪವಾದೀತು.

ಈಗಾಗಲೇ ಬೆಸೆಸಿದವರು ಚಾಸಿಯನ್ನು ತೊಳೆಸಿ, ಬೆಸುಗೆಯ ಅಂಚನ್ನು ಹಗಲಿನ ಬೆಳಕಿನಲ್ಲಿ ಪರೀಕ್ಷಿಸಲಿ. ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಬಿರುಕಿನ ಸುಳಿವಾಗಿರಬಹುದು. ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು. ಬೋಲ್ಟಿನ ಕೆಲಸಕ್ಕೆ ಒಂದು ದಿನ ಹೆಚ್ಚು ಹಿಡಿಯಬಹುದು. ಆದರೆ ಆ ಗಾಡಿಯ ಮೇಲಿರುವುದು ಹತ್ತಾರು ವರ್ಷಗಳ ಬೆವರಿನ ಗಳಿಕೆ. ಒಲೆಯ ಮುಂದೆ ನಿಂತಿರುವವನು ನಮ್ಮವನೇ ಒಬ್ಬ ಹುಡುಗ.