ಹಿತ್ತಲಿನ ಬಸವನಹುಳು: ಉಪ್ಪು ಚೆಲ್ಲುವ ಮೊದಲು ಓದಿರಿ



ಕಾರಹುಣ್ಣಿಮೆ ಕಳೆದು ನಾಲ್ಕು ಮಳೆ ಬಿದ್ದರೆ ಸಾಕು, ನನ್ನ ಫೋನಿಗೆ ಫೋಟೋ ಬರಲಿಕ್ಕೆ ಶುರುವಾಗುತ್ತವೆ. ಮಿರಜದಿಂದ, ಜತ್ತದಿಂದ, ಪಕ್ಕದ ಕಾಗವಾಡದಿಂದ. ಎಲ್ಲದರಲ್ಲೂ ಒಂದೇ ಚಿತ್ರ: ಬರೀ ದಂಟು ಉಳಿದ ಚೆಂಡುಹೂವಿನ ಸಸಿ, ತೂತು ಬಿದ್ದ ಬದನೆ ಎಲೆ, ಕಟ್ಟೆಯ ಮೇಲೆ ಒಣಗಿ ಹೊಳೆಯುವ ಲೋಳೆಯ ಗೆರೆ. ಕೆಳಗೆ ಒಂದೇ ಪ್ರಶ್ನೆ: "ಏನ್ ಹೊಡೀಬೇಕ್ರೀ ಸರ?" ನಾನು ಕೃಷಿ ಅಧಿಕಾರಿಯಲ್ಲ, ನಿವೃತ್ತ ಗುಮಾಸ್ತ. ಆದರೆ ಮ್ಹೈಸಾಳದ ನಮ್ಮ ಹಿತ್ತಲಿನಲ್ಲಿ ಮೂರು ಮಳೆಗಾಲ ಈ ಹುಳುವಿನ ಜೊತೆ ಜಗಳವಾಡಿ, ಸೋತು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಯಾರೋ ಹೇಳಿದರೆಂದು ಮೊದಲ ವರ್ಷ ಮೆಂತೆ ಮಡಿಯ ಸುತ್ತ, ನಡುವೆ, ಎಲ್ಲ ಕಡೆ ಉಪ್ಪು ಚೆಲ್ಲಿದೆ. ಹುಳು ಸತ್ತವು, ನಿಜ. ಮರುವರ್ಷ ಆ ಮಡಿಯಲ್ಲಿ ಮೆಂತೆಯೂ ಹುಟ್ಟಲಿಲ್ಲ, ಕೊತ್ತಂಬರಿಯೂ ಹುಟ್ಟಲಿಲ್ಲ. ಕೃಷ್ಣೆಯ ದಂಡೆಯವರಿಗೆ ಸವಳು ಎಂದರೇನು ಎಂದು ಬೇರೆ ಹೇಳಬೇಕೆ? ಕಬ್ಬಿಗೆ ಅತಿ ನೀರು ಹಾಯಿಸಿ ಹೊಲಗಳೇ ಸವಳು-ಜವಳಾಗಿರುವ ಸೀಮೆ ನಮ್ಮದು. ಅಂಥಲ್ಲಿ ನನ್ನ ಕೈಯಾರೆ ಹಿತ್ತಲಿಗೂ ಉಪ್ಪು ಹಾಕಿದೆ. ಹೆಂಡತಿ ಇನ್ನೂ ಅದನ್ನು ಮರೆತಿಲ್ಲ.

ಈಗ ಈ ಪ್ರಾಣಿಯ ವಿಚಾರ. ಮರಾಠಿಯವರು ಇದಕ್ಕೆ ಗೋಗಲಗಾಯ ಎನ್ನುತ್ತಾರೆ, ನಾವು ಬಸವನಹುಳು ಎನ್ನುತ್ತೇವೆ. ಅವರಿಗೆ ಆಕಳು, ನಮಗೆ ಎತ್ತು! ಹಿಂದೆ ಹಿತ್ತಲಲ್ಲಿ ಕಾಣುತ್ತಿದ್ದ ಸಣ್ಣ ಹುಳುಗಳಿಂದ ಅಷ್ಟೇನೂ ತೊಂದರೆ ಇರಲಿಲ್ಲ. ಕೈಬೆರಳಿನಷ್ಟು ಉದ್ದದ, ಕಂದು ಪಟ್ಟೆಯ ಶಂಖದಂಥ ಚಿಪ್ಪಿನದು ಮಾತ್ರ ಬೇರೆ ಜಾತಿ, ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬ ಗೃಹಸ್ಥ ಮಾರಿಷಸ್‌ನಿಂದ ಕಲಕತ್ತೆಗೆ ತಂದ ಹುಳುಗಳು ಅಲ್ಲಿನ ಚೌರಂಗಿಯ ಒಂದು ತೋಟ ಸೇರಿದವು. ಅಲ್ಲಿಂದ ದೇಶವೆಲ್ಲ ಹಬ್ಬಿತು. 2022ರಲ್ಲಿ ಲಾತೂರ, ಬೀಡ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸೋಯಾಬೀನ್ ಮೊಳಕೆಗಳನ್ನೇ ತಿಂದು ಹಾಕಿ, ಸರಕಾರ ರೈತರಿಗೆ ಪರಿಹಾರ ಕೊಡಬೇಕಾಯಿತು. ಚಿಪ್ಪಿಲ್ಲದ ಲೋಳೆಹುಳುವೂ ಇದರ ದಾಯಾದಿಯೇ; ಉಪಾಯ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇಲ್ಲ. ಪ್ರತಿಯೊಂದೂ ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ ನೂರು-ಇನ್ನೂರು, ವರ್ಷಕ್ಕೆ ಹಲವು ಸಲ. ಮಡಿ ಕೆದರುವಾಗ ಸಾಬೂದಾಣಿಯಂಥ ಕಾಳಿನ ಗುಂಪು ಸಿಕ್ಕರೆ ಅದೇ ಮೊಟ್ಟೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಇಟ್ಟಂಗಿ ರಾಶಿಯ ಸಂದಿಯಲ್ಲೋ, ಕುಂಡದ ತಳದಲ್ಲೋ ತಿಂಗಳುಗಟ್ಟಲೆ ಮಲಗಿರುತ್ತದೆ. ಮೊದಲ ಮಳೆಗೆ ಎದ್ದು, ಹೊಟ್ಟೆ ತುಂಬಿಸಿಕೊಂಡು, ಆಮೇಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ಹಿಡಿಯುವ ಕಾಲ ಮೃಗ ಮಳೆಯಿಂದ ನಾಗರಪಂಚಮಿಯ ಒಳಗೆ. ಆಗ ಒಂದು ಹಿಡಿದರೆ ನೂರು ಹಿಡಿದಂತೆ. ಶ್ರಾವಣ ಮುಗಿದ ಮೇಲೆ ಫೋನು ಮಾಡಿದರೆ ನಾನೂ ಏನು ಹೇಳಲಿ?

ನಾನು ಮಾಡುವುದು ಇಷ್ಟು. ಸಂಜೆ ಹಳೆಯ ಗೋಣಿಚೀಲವನ್ನು ಬೆಲ್ಲದ ನೀರಿನಲ್ಲಿ ಅದ್ದಿ ಮಡಿಗಳ ನಡುವೆ ಹಾಸುತ್ತೇನೆ. ಮೇಲೆ ಎರಡು ಪಪ್ಪಾಯಿ ಎಲೆ, ಕೋಬಿಯ ಹೊರಗಿನ ಎಲೆ. ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಒಂದು ಸುತ್ತು, ಬೆಳಿಗ್ಗೆ ಬಿಸಿಲೇರುವ ಮೊದಲು ಚೀಲ ಎತ್ತಿ ಇನ್ನೊಂದು ಸುತ್ತು. ಬರಿಗೈಯಲ್ಲಿ ಮುಟ್ಟಬೇಡಿರಿ. ಇದರ ಮೈಯಲ್ಲಿ ಮೆದುಳಿಗೆ ಬೇನೆ ತರುವ ಜಂತು ಇರಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಿಡಿಯಿರಿ, ಮಕ್ಕಳಿಗೆ ಆಡಲು ಕೊಡಬೇಡಿರಿ, ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ. ಉಪ್ಪಿನ ಜಾಗ ಬಕೀಟು: ಗಟ್ಟಿ ಉಪ್ಪುನೀರಿಗೆ ಹುಳು ಹಾಕಿ ಮುಚ್ಚಿ, ರಾತ್ರಿಯೆಲ್ಲ ಬಿಟ್ಟು, ನೀರನ್ನು ಗಟಾರಕ್ಕೆ ಸುರಿದು, ಹುಳುಗಳನ್ನು ಆಳವಾದ ಗುಂಡಿಯಲ್ಲಿ ಸುಣ್ಣದ ಪುಡಿ ಹಾಕಿ ಹುಗಿಯಬೇಕು. ಮೊದಲ ವಾರ ಬಕೀಟು ತುಂಬುತ್ತದೆ. ಮೂರನೆಯ ವಾರ ತಳ ಮಾತ್ರ ಮುಚ್ಚುತ್ತದೆ.

ಗಿಡಗಳಿಗೆ ಸಂಜೆ ನೀರು ಹಾಕುವ ರೂಢಿ ಬಿಡಿರಿ. ಬೆಳಿಗ್ಗೆ ಹಾಕಿದರೆ ರಾತ್ರಿಯ ಹೊತ್ತಿಗೆ ಮೇಲ್ಮಣ್ಣು ಆರಿರುತ್ತದೆ, ಹುಳುವಿಗೆ ಹರಿಯುವುದು ಕಷ್ಟ. ಬೂದಿ, ತತ್ತಿಯ ಸಿಪ್ಪೆ ಎಲ್ಲ ಮಳೆ ಬರುವವರೆಗೆ ಮಾತ್ರ.

ಅಂಗಡಿಯ ಗುಳಿಗೆಯ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಹೆಚ್ಚಾಗಿ ಸಿಗುವುದು ಮೆಟಾಲ್ಡಿಹೈಡ್. ಹುಳು ಸಾಯುತ್ತದೆ, ಆದರೆ ತೌಡಿನ ವಾಸನೆಗೆ ನಾಯಿಯೂ ತಿನ್ನುತ್ತದೆ. ನಮ್ಮ ಓಣಿಯ ಒಬ್ಬರಿಗೆ ಅಂಗಡಿಯವ ಒಂದು ಮಾತೂ ಹೇಳದೆ ಕೊಟ್ಟು ಕಳಿಸಿದ. ಅವರು ಅಂಗಳದಲ್ಲಿ ಚೆಲ್ಲಿದರು. ಅವರ ನಾಯಿ ನಡುಗುತ್ತ ನಡುಗುತ್ತ ಸಂಜೆಯೊಳಗೆ ಸತ್ತಿತು. ಈ ವಿಷಕ್ಕೆಂದೇ ಇರುವ ಮದ್ದಿಲ್ಲ. ತಿಂದದ್ದು ಗೊತ್ತಾದ ಕೂಡಲೆ ದನದ ಡಾಕ್ಟರರ ಬಳಿ ಓಡಬೇಕು. ಹಾಕಲೇಬೇಕೆಂದರೆ ಮಗುಚಿದ ಹೆಂಚಿನ ಕೆಳಗೆ ನಾಲ್ಕೇ ಗುಳಿಗೆ, ಸೊಪ್ಪಿನ ಮಡಿಯಿಂದ ದೂರ, ದನ-ನಾಯಿ-ಕೂಸುಗಳಿಗೆ ಎಟುಕದ ಹಾಗೆ. ಐರನ್ ಫಾಸ್ಫೇಟ್ ಗುಳಿಗೆ ಸಿಕ್ಕರೆ ಅದೇ ವಾಸಿ. ಪೊಟ್ಟಣದ ಮೇಲಿನ ಮರಾಠಿ, ಇಂಗ್ಲಿಷ್ ಸೂಚನೆ ಓದಲು ಬಾರದ ನಮ್ಮ ಹಿರಿಯರು ಫೋಟೋ ತೆಗೆದು ಕಳಿಸಿರಿ, ನಾನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ.

ಕೊನೆಗೆ, ಹೇಳಲು ಸಂಕೋಚವಾದರೂ ಹೇಳಬೇಕಾದ ಮಾತು. ಈ ಹುಳು ತಾನಾಗಿ ಊರಿಂದ ಊರಿಗೆ ನಡೆಯುವುದಿಲ್ಲ. ಕುಂಡದ ಮಣ್ಣಿನಲ್ಲಿ, ಗೊಬ್ಬರದ ಚೀಲದಲ್ಲಿ ನಾವೇ ಹೊತ್ತು ತರುತ್ತೇವೆ. ನಮ್ಮ ಮನೆಗೆ ಬಂದದ್ದು ಸಂಘದ ಸಭೆಯಲ್ಲಿ ಪ್ರೀತಿಯಿಂದ ಸಿಕ್ಕ ಒಂದು ದಾಸವಾಳದ ಕುಂಡದ ಜೊತೆ ಎಂದು ನನ್ನ ಅನುಮಾನ. ನಾನೂ ಆಮೇಲೆ ಎಷ್ಟೋ ಮನೆಗೆ ತುಳಸಿ ಸಸಿ ಕೊಟ್ಟಿದ್ದೇನೆ. ಆದ್ದರಿಂದ ಮುಂದಿನ ಸಭೆಗೆ ಸಸಿ ತರುವವರು ದಯವಿಟ್ಟು ಬೇರಿನ ಮಣ್ಣು ಪೂರ್ತಿ ಉದುರಿಸಿ, ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿರಿ. ಕುಂಡ ಸಮೇತ ತಂದರೆ ಬಾಗಿಲಲ್ಲೇ ತಳ ನೋಡುತ್ತೇವೆ, ಬೇಸರ ಮಾಡಿಕೊಳ್ಳಬಾರದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ