ಲಂಡನ್ನಿನ ಹಳೆಯ ಸಂತೆಯಲ್ಲಿ ನಮ್ಮ ಬೆಳ್ಳಿಯ ಕರಡಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಒಂದು ಕಾಲದಲ್ಲಿ ನಮ್ಮವರ ದೇಶಸಂಚಾರವು ಕೂಡಲಸಂಗಮ, ಶ್ರೀಶೈಲ, ಉಳವಿ, ಕಾಶಿಗಳಿಗೆ ಮುಗಿಯುತ್ತಿತ್ತು. ಚಕ್ಕಡಿ ಕಟ್ಟಿಕೊಂಡು ಉಳವಿಯ ಜಾತ್ರೆಗೆ ಹೋಗುತ್ತಿದ್ದ ಮನೆತನಗಳ ಮೊಮ್ಮಕ್ಕಳು ಇಂದು ವಿಮಾನವೇರಿ ಸಾಗರದಾಚೆಯ ನಾಡುಗಳಿಗೆ ಹೋಗಿಬರುತ್ತಿದ್ದಾರೆ. ತಂಡವಾಗಿ ಹೋಗುವುದರಲ್ಲಿ ಹಲವು ಅನುಕೂಲಗಳಿವೆ. ಭಾಷೆಯ ತೊಡಕು ಕಡಿಮೆ, ಶಾಕಾಹಾರದ ಚಿಂತೆಯಿಲ್ಲ, ಬೆಳಗಿನ ಲಿಂಗಪೂಜೆಗೆ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ.

ಹೊರದೇಶಕ್ಕೆ ಹೋದವರು ಮನೆಗೆ ಏನನ್ನಾದರೂ ತರುವುದು ವಾಡಿಕೆ. ಮೊದಲೆಲ್ಲ ಗಡಿಯಾರ, ಸುಗಂಧದ್ರವ್ಯ, ಚಾಕಲೇಟುಗಳೇ ಹೆಚ್ಚು. ಅವೆಲ್ಲ ಈಗ ನಮ್ಮ ಊರಿನ ಅಂಗಡಿಗಳಲ್ಲಿಯೇ ಸಿಗುವುದರಿಂದ ಪ್ರವಾಸಿಗರ ಮನಸ್ಸು ಹಳೆಯ ವಸ್ತುಗಳ ಕಡೆಗೆ ತಿರುಗಿದೆ. ಬೆಳ್ಳಿಯ ಚಮಚ, ಗೋಡೆಗಡಿಯಾರ, ಪಿಂಗಾಣಿಯ ಬಟ್ಟಲು, ಹಿತ್ತಾಳೆಯ ದೀಪಗಳನ್ನು ಹುಡುಕಿ ಕೊಳ್ಳುವುದಕ್ಕಾಗಿಯೇ ಒಂದೆರಡು ದಿನಗಳನ್ನು ಮೀಸಲಿಡುವ ತಂಡಗಳುಂಟು. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಗಳ ಇಪ್ಪತ್ತೆರಡು ಮಂದಿಯ ಅಂಥದೊಂದು ತಂಡದೊಡನೆ ಲಂಡನ್ನಿಗೆ ಹೋಗಿಬರುವ ಅವಕಾಶ ನನಗೆ ಒದಗಿತು. ಅಲ್ಲಿ ಕಂಡದ್ದನ್ನೂ ಅದರಿಂದ ಹುಟ್ಟಿದ ವಿಚಾರವನ್ನೂ ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಥೇಮ್ಸ್ ತೀರದ ಬಸವಣ್ಣ

ಲಂಡನ್ನಿಗೆ ಹೋದ ಶರಣ ಬಂಧುಗಳು ಮೊದಲು ಕಾಣಬಯಸುವುದು ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು. ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಬ್ರಿಟಿಷ್ ಸಂಸತ್ ಭವನವಿರುವ ದಡಕ್ಕೆ ಎದುರಾದ ದಡದಲ್ಲಿ ಅದು ನಿಂತಿದೆ. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರ ಪ್ರಯತ್ನದ ಫಲವಾಗಿ ಸ್ಥಾಪಿತವಾದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಅನುಭವ ಮಂಟಪದ ಶಿಲ್ಪಿಯು ಸಂಸತ್ತಿನ ಹೊಳೆಯಾಚೆ ನಿಂತಿರುವುದು ಅರ್ಥಪೂರ್ಣವಾಗಿದೆ. ತಂಡದ ತಾಯಂದಿರು ಊರಿನಿಂದ ತಂದಿದ್ದ ವಿಭೂತಿಯನ್ನು ಧರಿಸಿ, ಅಲ್ಲಿಯೇ ಕಾಲುಗಂಟೆ ಮೌನವಾಗಿ ನಿಂತರು.

ಊಟದ ವಿಚಾರದಲ್ಲಿ ಒಂದು ಮಾತು. ಯೂಸ್ಟನ್ ರೈಲುನಿಲ್ದಾಣದ ಹತ್ತಿರದ ಡ್ರಮಂಡ್ ಬೀದಿಯು ಭಾರತೀಯ ಶಾಕಾಹಾರಿ ಊಟಕ್ಕೆ ಬಹುಕಾಲದಿಂದ ಹೆಸರಾಗಿದೆ. ದೋಸೆ, ಇಡ್ಲಿಗಳಿಗೆ ಅಲ್ಲಿ ಕೊರತೆಯಿಲ್ಲ. ಜೋಳದ ರೊಟ್ಟಿಯನ್ನು ಮಾತ್ರ ಊರಿನಿಂದ ಕಟ್ಟಿಕೊಂಡು ಹೋಗಿದ್ದವರೇ ಜಾಣರೆನಿಸಿದರು.

ನಮ್ಮ ನಾಡಿನ ವಸ್ತುಗಳು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸ್ಥಾಪನೆಯಾದದ್ದು 1753ರಲ್ಲಿ. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಅದಕ್ಕಿಂತ ಒಂದು ಶತಮಾನ ಚಿಕ್ಕದು. ಎರಡಕ್ಕೂ ಸಾಮಾನ್ಯ ಪ್ರವೇಶಕ್ಕೆ ಶುಲ್ಕವಿಲ್ಲ. ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಫಲಕಗಳು ಮೊದಲನೆಯದರಲ್ಲಿವೆ. ಟಿಪ್ಪು ಸುಲ್ತಾನನ ಪ್ರಸಿದ್ಧ ಮರದ ಹುಲಿ ಎರಡನೆಯದರ ಸಂಗ್ರಹಕ್ಕೆ ಸೇರಿದೆ. ಯುರೋಪಿಯನ್ ಸಿಪಾಯಿಯ ಮೇಲೆ ಎರಗಿರುವ ಆ ಹುಲಿಯ ಒಡಲಿನಲ್ಲಿ ಧ್ವನಿ ಹೊರಡಿಸುವ ವಾದ್ಯಯಂತ್ರವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಕಂಪನಿಯವರ ಕೈಸೇರಿತು. ಲಂಡನ್ ಗೋಪುರದ ರಾಜಾಭರಣಗಳ ನಡುವಿರುವ ಕೊಹಿನೂರ್ ವಜ್ರವು 1849ರಲ್ಲಿ ಪಂಜಾಬಿನ ಬಾಲರಾಜ ದುಲೀಪ್ ಸಿಂಗನ ಕೈಯಿಂದ ಬ್ರಿಟಿಷರಿಗೆ ಹೋದದ್ದು.

ಇವು ಯುದ್ಧ ಮತ್ತು ಒಪ್ಪಂದಗಳ ಬಲದಿಂದ ಹೋದ ವಸ್ತುಗಳು. ಮಾರುಕಟ್ಟೆಯ ದಾರಿಯಿಂದ ಹೋದವುಗಳಿಗಂತೂ ಲೆಕ್ಕವಿಲ್ಲ. ಟಿಪ್ಪುವಿನ ಶಯನಗೃಹದ್ದೆಂದು ಹೇಳಲಾದ ಖಡ್ಗವೊಂದು 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಹಳೆಯ ವಸ್ತುಗಳ ಸಂತೆ

ಹಳೆಯ ವಸ್ತುಗಳಿಗೆ ಲಂಡನ್ನಿನಲ್ಲಿ ಬೇರೆ ಬೇರೆ ಸಂತೆಗಳುಂಟು. ನಾಟಿಂಗ್ ಹಿಲ್ ಭಾಗದ ಪೋರ್ಟೊಬೆಲ್ಲೊ ರಸ್ತೆಯಲ್ಲಿ ಶನಿವಾರ ಜನಸಾಗರವೇ ಸೇರುತ್ತದೆ. ಥೇಮ್ಸ್‌ನ ದಕ್ಷಿಣಕ್ಕಿರುವ ಬರ್ಮಂಡ್ಸಿಯ ಸಂತೆಯು ಶುಕ್ರವಾರದ್ದು. ಅದು ನಸುಕಿನಲ್ಲಿಯೇ ಆರಂಭವಾಗುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಉತ್ತರ ಲಂಡನ್ನಿನಿಂದ ಅಲ್ಲಿಗೆ ಬಂದು ನೆಲೆಗೊಂಡ ಈ ಸಂತೆಗೆ ವಿಚಿತ್ರವಾದ ಇತಿಹಾಸವಿದೆ. ಇಂಥ ಬಯಲು ಸಂತೆಯಲ್ಲಿ ಸೂರ್ಯೋದಯ ಮತ್ತು ಸೂರ್ಯಾಸ್ತಗಳ ನಡುವೆ ನಂಬಿಕೆಯಿಂದ ಕೊಂಡ ವಸ್ತುವು ಕದ್ದ ಮಾಲೇ ಆಗಿದ್ದರೂ ಕೊಂಡವನಿಗೇ ಸೇರುತ್ತದೆ ಎಂಬ ಹಳೆಯ ಕಾನೂನು ಇಂಗ್ಲೆಂಡಿನಲ್ಲಿತ್ತು. 1995ರ ಜನವರಿಯಲ್ಲಿ ಅದು ರದ್ದಾಯಿತು. ಈಗ ವಸ್ತುವಿನ ಮೂಲವನ್ನು ವಿಚಾರಿಸದೆ ಕೊಂಡವನು ಹಣವನ್ನೂ ವಸ್ತುವನ್ನೂ ಕಳೆದುಕೊಳ್ಳುವ ಸಂಭವವಿದೆ.

ಬೆಳ್ಳಿಯನ್ನು ಕೊಳ್ಳುವವರು ಇಂಗ್ಲೆಂಡಿನ ಮುದ್ರೆಗಳನ್ನು ಓದಲು ಕಲಿತರೆ ಮೋಸಹೋಗುವ ಭಯ ಕಡಿಮೆ. ನಡೆಯುವ ಭಂಗಿಯ ಸಿಂಹದ ಗುರುತು, 1000 ಭಾಗಗಳಲ್ಲಿ 925 ಭಾಗ ಶುದ್ಧ ಬೆಳ್ಳಿಯಿದೆ ಎಂಬುದಕ್ಕೆ ಸಾಕ್ಷಿ. ಚಿರತೆಯ ಮುಖವಿದ್ದರೆ ಲಂಡನ್ನಿನಲ್ಲಿಯೂ ಲಂಗರಿನ ಗುರುತಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿಯೂ ಪರೀಕ್ಷೆಯಾದದ್ದು. ಜೊತೆಗಿರುವ ಒಂದು ಅಕ್ಷರವು ವರ್ಷವನ್ನು ಸೂಚಿಸುತ್ತದೆ. ಇಂಗ್ಲಿಷಿನ ಇ.ಪಿ.ಎನ್.ಎಸ್. ಎಂಬ ನಾಲ್ಕು ಅಕ್ಷರಗಳಿದ್ದರೆ ಅದು ಬರಿಯ ಬೆಳ್ಳಿಯ ಲೇಪ. ನಮ್ಮ ತಂಡದಲ್ಲಿದ್ದ ಸರಾಫರೊಬ್ಬರು ಭೂತಗನ್ನಡಿ ಹಿಡಿದು ಇವನ್ನೆಲ್ಲ ಎಲ್ಲರಿಗೂ ತೋರಿಸಿಕೊಟ್ಟರು. ಅವರ ಮಾತು ಕೇಳಿ ಕೆಲವರು ಚಮಚಗಳನ್ನು ಕೊಂಡರು. ಹಲವರು ಕೊಳ್ಳದೆ ಉಳಿದರು.

ಆನೆಯ ದಂತದ ವಸ್ತುವನ್ನಂತೂ ಯಾರೂ ಕೈಯಿಂದ ಮುಟ್ಟಬಾರದು. ಬ್ರಿಟನ್ನಿನ 2018ರ ದಂತ ಕಾಯ್ದೆಯು 2022ರ ಜೂನ್ 6ರಿಂದ ಜಾರಿಯಲ್ಲಿದ್ದು, ಕೆಲವೇ ವಿನಾಯಿತಿಗಳ ಹೊರತು ದಂತದ ವ್ಯಾಪಾರವನ್ನು ನಿಷೇಧಿಸುತ್ತದೆ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಷ್ಟೇ ಕಠಿಣ. ಕೊಂಡ ವಸ್ತುವಿನ ಮೇಲಿನ ತೆರಿಗೆಯು ವಿಮಾನನಿಲ್ದಾಣದಲ್ಲಿ ಮರಳಿ ಸಿಗುತ್ತದೆಂದು ಹಳೆಯ ಪ್ರವಾಸ ಪುಸ್ತಕಗಳು ಹೇಳುತ್ತವೆ. 2021ರ ಜನವರಿ 1ರಿಂದ ಲಂಡನ್ನಿನಲ್ಲಿ ಆ ಸೌಲಭ್ಯವಿಲ್ಲ. ಊರಿಗೆ ಮರಳುವಾಗ ರಸೀತಿಯನ್ನು ಕೈಯಲ್ಲಿಟ್ಟುಕೊಂಡು ಸುಂಕದ ಅಧಿಕಾರಿಗಳಿಗೆ ವಸ್ತುವನ್ನು ತೋರಿಸುವುದೇ ಲೇಸು.

ಗಾಜಿನ ಕಪಾಟಿನಲ್ಲಿ ಕಂಡದ್ದು

ಶನಿವಾರ ಮಧ್ಯಾಹ್ನ, ಅನೇಕ ಮಳಿಗೆಗಳಿದ್ದ ಒಂದು ಕಟ್ಟಡದೊಳಗೆ ತಂಡದ ಹಿರಿಯ ತಾಯಿಯೊಬ್ಬರು ಗಾಜಿನ ಕಪಾಟಿನ ಮುಂದೆ ನಿಂತುಬಿಟ್ಟರು. ಕರೆದರೂ ಬರಲಿಲ್ಲ. ಹತ್ತಿರ ಹೋಗಿ ನೋಡಿದರೆ ನಶ್ಯದ ಡಬ್ಬಿ, ಅತ್ತರದಾನಿಗಳ ನಡುವೆ ಬೆಳ್ಳಿಯ ಕರಡಿಗೆಯೊಂದು ಇತ್ತು. ನಡುವೆ ಗುಮ್ಮಟದಂಥ ಉಬ್ಬು, ಎರಡೂ ಬದಿಗೆ ಕೊಂಬಿನಂತೆ ಚಾಚಿದ ತುದಿಗಳು, ಶಿವದಾರ ಪೋಣಿಸುವ ಬಳೆಗಳು. ಪಕ್ಕದ ಚೀಟಿಯಲ್ಲಿ ಲಿಂಗದ ಪೆಟ್ಟಿಗೆ, ದಕ್ಷಿಣ ಭಾರತ, ಹತ್ತೊಂಬತ್ತನೆಯ ಶತಮಾನ ಎಂದಷ್ಟೇ ಬರೆದಿತ್ತು. ಬೆಲೆಯು ಬೆಳ್ಳಿಯ ತೂಕದ ಬೆಲೆಗಿಂತ ಹಲವು ಪಟ್ಟು ಹೆಚ್ಚಾಗಿತ್ತು.

ಮಳಿಗೆಯವನು ಸಭ್ಯ ಮನುಷ್ಯ. ಕೇಳಿದೊಡನೆ ಹೊರತೆಗೆದು ಕೊಟ್ಟನು. ಆ ತಾಯಿಯವರು ಎರಡೂ ಕೈಗಳಿಂದ ಅದನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ಮುಚ್ಚಳ ತೆಗೆದು ನೋಡಿದರೆ ಒಳಗೆ ಏನೂ ಇರಲಿಲ್ಲ. “ಯಾರ ಮನೀದೋ ಏನೋ! ನಮ್ಮವ್ವನ ಕೊರಳಾಗೂ ಇಂಥಾದ್ದ ಇತ್ರೀ. ಇದರಾಗ ಲಿಂಗಯ್ಯ ಇದ್ದ,” ಎಂದರು.

ಇಂಥ ಕರಡಿಗೆಗಳೂ ಲಿಂಗದಕಾಯಿಗಳೂ ಹೊರದೇಶಗಳ ವಸ್ತುಸಂಗ್ರಹಾಲಯಗಳಲ್ಲಿಯೂ ಹರಾಜಿನ ಪಟ್ಟಿಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ. ದಖ್ಖಣದ ವೀರಭದ್ರನ ಲೋಹಫಲಕಗಳೂ ಹಾಗೆಯೇ. ಅವು ಅಲ್ಲಿಗೆ ಹೋದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಲಿಂಗೈಕ್ಯರಾದವರನ್ನು ಸಮಾಧಿ ಮಾಡುವಾಗ ಇಷ್ಟಲಿಂಗವನ್ನು ಅಂಗೈಯಲ್ಲಿರಿಸುವುದು ನಮ್ಮ ಸಂಪ್ರದಾಯ. ಬೆಳ್ಳಿಯ ಕರಡಿಗೆಯು ಮನೆಯಲ್ಲಿ ಉಳಿಯುತ್ತದೆ. ಮಕ್ಕಳಲ್ಲಿ ಪಾಲು ಬಂದಾಗ, ಮಗಳ ಮದುವೆಗೆ ಹಣ ಬೇಕಾದಾಗ, ಬರಗಾಲದ ವರ್ಷದಲ್ಲಿ ಅದು ಸರಾಫಕಟ್ಟೆಗೆ ಹೋಗುತ್ತದೆ. ಹೆಚ್ಚಿನವು ಮೂಸೆಯಲ್ಲಿ ಕರಗುತ್ತವೆ. ಕೆಲಸದ ಅಂದಕ್ಕೆ ಮನಸೋತ ವ್ಯಾಪಾರಿಯ ಕಣ್ಣಿಗೆ ಬಿದ್ದ ಕೆಲವು ಕೈಯಿಂದ ಕೈಗೆ ದಾಟಿ ದೂರ ಸಾಗುತ್ತವೆ. ಅದರಲ್ಲಿ ಎಲ್ಲವನ್ನೂ ಕಳವೆನ್ನಲಾಗದು. ಕಷ್ಟಕಾಲದಲ್ಲಿ ಮಾರಿದವರನ್ನು ನಿಂದಿಸುವುದೂ ಸಲ್ಲದು.

ಕೊಳ್ಳಬೇಕೆ, ಬಿಡಬೇಕೆ?

ತಂಡದಲ್ಲಿ ಚರ್ಚೆ ಆರಂಭವಾಯಿತು. ಎಲ್ಲರೂ ಸೇರಿ ಹಣ ಕೂಡಿಸಿ ಅದನ್ನು ಕೊಂಡು, ಊರಿನ ಮಠಕ್ಕೆ ಒಪ್ಪಿಸೋಣ ಎಂಬುದು ದಾವಣಗೆರೆಯ ದಂಪತಿಗಳ ಅಭಿಪ್ರಾಯ. ಅತ್ತರದಾನಿಯ ಪಕ್ಕದಲ್ಲಿ ಅದನ್ನು ಬಿಟ್ಟುಹೋಗಲು ಅವರ ಮನಸ್ಸು ಒಪ್ಪಲಿಲ್ಲ. ಸರಾಫರು ಇದಕ್ಕೆ ವಿರುದ್ಧವಾಗಿದ್ದರು. ನಾವು ಇಂದು ಭಕ್ತಿಯಿಂದ ಹೆಚ್ಚಿನ ಬೆಲೆ ಕೊಟ್ಟರೆ, ನಾಳೆ ಆ ಬೆಲೆಯ ಸುದ್ದಿಯು ನಮ್ಮ ಹಳ್ಳಿಗಳಿಗೆ ಮುಟ್ಟುತ್ತದೆ. ಒಂದು ಕರಡಿಗೆ ಮರಳಿ ಬಂದರೆ ಹತ್ತು ಹೊರಟುಹೋಗುತ್ತವೆ ಎಂದು ಅವರು ವಾದಿಸಿದರು. ವಕೀಲರೊಬ್ಬರು ಕೇಳಿದ ಪ್ರಶ್ನೆ ಬೇರೆ: ಇದು ಭಾರತವನ್ನು ಬಿಟ್ಟದ್ದು ಯಾವಾಗ?

ಈ ಪ್ರಶ್ನೆಯೇ ಮುಖ್ಯವಾದುದು. ಭಾರತದ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯನ್ನು 1972ರಲ್ಲಿ ಅಂಗೀಕರಿಸಲಾಯಿತು. 1976ರ ಏಪ್ರಿಲ್ 5ರಂದು ಅದು ಜಾರಿಗೆ ಬಂದಿತು. ಕಲೆ, ಕೌಶಲ ಅಥವಾ ಇತಿಹಾಸದ ಮಹತ್ತ್ವವುಳ್ಳ ಯಾವುದೇ ವಸ್ತುವಿಗೆ 100 ವರ್ಷ ತುಂಬಿದ್ದರೆ ಅದು ಪುರಾವಸ್ತು. ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಅಂಥವನ್ನು ದೇಶದ ಹೊರಗೆ ಒಯ್ಯುವ ಅಧಿಕಾರವು ಕೇಂದ್ರ ಸರಕಾರಕ್ಕೂ ಅದು ಅಧಿಕಾರ ಕೊಟ್ಟ ಸಂಸ್ಥೆಗೂ ಉಂಟು, ಖಾಸಗಿಯವರಿಗೆ ಇಲ್ಲ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಾಟವನ್ನು ತಡೆಯುವ ಯುನೆಸ್ಕೊದ 1970ರ ಒಪ್ಪಂದಕ್ಕೆ ಭಾರತವು 1977ರಲ್ಲಿಯೂ ಬ್ರಿಟನ್ 2002ರಲ್ಲಿಯೂ ಸೇರಿಕೊಂಡವು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಯಾರೋ ಕಲೆಕ್ಟರನು ಕೊಂಡೊಯ್ದ ಕರಡಿಗೆ ಒಂದು ಬಗೆಯದು. ಇಪ್ಪತ್ತು ವರ್ಷಗಳ ಹಿಂದೆ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಸಾಗಿಸಿದ್ದು ಬೇರೊಂದು ಬಗೆಯದು. ನೋಡಲು ಎರಡೂ ಒಂದೇ.

ಮಳಿಗೆಯವನನ್ನು ಕೇಳಿದಾಗ, ಹರಾಜೊಂದರಲ್ಲಿ ಭಾರತದ ಇತರ ಬೆಳ್ಳಿಯ ಸಾಮಾನುಗಳ ಜೊತೆಗೆ ಕೊಂಡದ್ದೆಂದೂ ಅದರ ಹಿಂದಿನ ಕಾಗದಪತ್ರಗಳು ತನ್ನಲ್ಲಿಲ್ಲವೆಂದೂ ತಿಳಿಸಿದನು. ಮುಂದೆ ಚರ್ಚೆ ಬೆಳೆಯಲಿಲ್ಲ. ಆ ತಾಯಿಯವರೇ ಕರಡಿಗೆಯ ಮುಚ್ಚಳವನ್ನು ಹಾಕಿ, ಸೆರಗಿನಿಂದ ಒರೆಸಿ ಹಿಂದಿರುಗಿಸಿದರು. ಆತನು ಅದನ್ನು ಕಪಾಟಿನ ಮೇಲಿನ ಹಂತದಲ್ಲಿ, ಬೇರೆ ಸಾಮಾನುಗಳಿಂದ ದೂರವಾಗಿ ಇಟ್ಟನು. ದಾವಣಗೆರೆಯ ದಂಪತಿಗಳಿಗೆ ಈ ತೀರ್ಮಾನವು ಕೊನೆಯವರೆಗೂ ಸಮಾಧಾನ ತರಲಿಲ್ಲ. ಅವರ ನೋವನ್ನು ಅಲ್ಲಗಳೆಯುವಂತಿಲ್ಲ. ಆದರೂ ಮೂಲ ತಿಳಿಯದ ವಸ್ತುವನ್ನು ಕೊಳ್ಳದಿರುವುದೇ ಸರಿಯೆಂದು ನನ್ನ ನಂಬಿಕೆ. ಇಷ್ಟಲಿಂಗವೇ ನಮಗೆ ಪೂಜ್ಯ. ಕರಡಿಗೆ ಅದರ ಮನೆ. ಲಿಂಗವಿಲ್ಲದ ಕರಡಿಗೆಯನ್ನು ಹಣ ಕೊಟ್ಟು ಬಿಡಿಸಿ ತರುವುದಕ್ಕಿಂತ, ಮನೆಯಲ್ಲಿ ಉಳಿದಿರುವ ಕರಡಿಗೆಯ ಬೆಲೆಯನ್ನು ಮಕ್ಕಳಿಗೆ ತಿಳಿಸಿಕೊಡುವುದು ಹೆಚ್ಚಿನ ಕೆಲಸವಾಗಿದೆ.

ನಮ್ಮ ಅಟ್ಟದ ಮೇಲಿನ ಸಂಪತ್ತು

ಈ ಮಾತಿಗೆ ನಮ್ಮಲ್ಲಿಯೇ ದೊಡ್ಡ ನಿದರ್ಶನವುಂಟು. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ, ಮಠಗಳಲ್ಲಿ ಧೂಳು ತಿನ್ನುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಹುಡುಕಿ ತೆಗೆದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಕಟ್ಟುಗಳನ್ನು ಮನೆಯವರು ಹೊಳೆಗೆ ಬಿಟ್ಟಿದ್ದರೆ, ಅಥವಾ ಯಾವನಾದರೂ ಪರದೇಶದ ವ್ಯಾಪಾರಿ ಅಂದಕ್ಕೆಂದು ಕೊಂಡೊಯ್ದಿದ್ದರೆ, ಇಂದು ಅದೆಷ್ಟೋ ಶರಣರ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವ ಕಾಲವಿದು. ಅಟ್ಟದ ಮೇಲಿನ ತಾಮ್ರದ ಹಂಡೆ, ವಿಭೂತಿಯ ಪೆಟ್ಟಿಗೆ, ತಾಡೋಲೆಯ ಕಟ್ಟು, ಅಜ್ಜನ ಕೈಬರಹದ ಲೆಕ್ಕದ ಪುಸ್ತಕ ಇವೆಲ್ಲ ಹಳೆಯ ಸಾಮಾನಿನವನ ಗಾಡಿಯನ್ನೇರುತ್ತಿವೆ. ಹೊರದೇಶದ ಹಳೆಯ ಚಮಚಕ್ಕೆ ನಮ್ಮ ಪಡಸಾಲೆಯಲ್ಲಿ ಗಾಜಿನ ಕಪಾಟು ದೊರೆಯುತ್ತದೆ. ಅಜ್ಜಿಯ ಕರಡಿಗೆಗೆ ತೂಕದ ತಕ್ಕಡಿ. ಇದು ಬದಲಾಗಬೇಕು.

ಪ್ರತಿ ಮನೆಯಲ್ಲಿಯೂ ಸುಲಭವಾಗಿ ಮಾಡಬಹುದಾದ ಕೆಲಸಗಳು ಕೆಲವಿವೆ. ಹಳೆಯ ವಸ್ತುಗಳ ಭಾವಚಿತ್ರಗಳನ್ನು ತೆಗೆದಿಡಬೇಕು. ಅವು ಯಾರಿಂದ ಯಾರಿಗೆ ಬಂದವು, ಯಾವ ಊರಿನ ಪತ್ತಾರರು ಮಾಡಿದರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಕಳುವಾದರೆ ಆ ಚಿತ್ರವೇ ಸಾಕ್ಷಿ. ಕಲ್ಲಿನ ಹಾಗೂ ಲೋಹದ ಹಳೆಯ ವಿಗ್ರಹಗಳು, ಚಿತ್ರವುಳ್ಳ ಹಸ್ತಪ್ರತಿಗಳು ಇದ್ದಲ್ಲಿ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು. ಅಮೆರಿಕಾ, ಇಂಗ್ಲೆಂಡುಗಳಲ್ಲಿ ನೆಲೆಸಿದ ಮಕ್ಕಳಿಗೆ ಮನೆತನದ ಹಳೆಯ ವಸ್ತುಗಳನ್ನು ಕಳುಹಿಸುವ ಮುನ್ನ ಧಾರವಾಡ ಅಥವಾ ಬೆಂಗಳೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ವಸ್ತುವು ಪುರಾವಸ್ತುವಲ್ಲವೆಂದು ಇಲಾಖೆಯು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯುಂಟು. ಇಟ್ಟುಕೊಳ್ಳಲಾಗದವರು ಸರಾಫಕಟ್ಟೆಗೆ ಹೋಗುವ ಮೊದಲು ಮಠದ ಅಥವಾ ವಿಶ್ವವಿದ್ಯಾಲಯದ ಸಂಗ್ರಹಾಲಯವನ್ನು ಕೇಳಿ ನೋಡಲಿ.

ಹೊರನಾಡುಗಳನ್ನು ಅವಶ್ಯವಾಗಿ ನೋಡೋಣ. ಅಲ್ಲಿಯ ಜನರು ತಮ್ಮ ಹಿರಿಯರ ಒಂದು ಚಮಚವನ್ನೂ ವರ್ಷ, ಊರುಗಳ ಗುರುತಿನೊಡನೆ ಕಾಯ್ದುಕೊಂಡು ಬಂದ ಬಗೆಯನ್ನು ಕಲಿತು ಬರೋಣ. ಈ ಸಂಚಿಕೆಯನ್ನು ಓದಿ ಮುಗಿಸಿದ ಬಳಿಕ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಪೆಟ್ಟಿಗೆಯಲ್ಲಿರುವ ಹಳೆಯ ಕರಡಿಗೆ ಯಾರದೆಂದು ಕೇಳಿದರೆ ಅಷ್ಟೇ ಸಾಕು. ಉತ್ತರ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.